ಕೊನೆಯ ಲೈಫ್ ನಿನಗೇ

"ಮ್ಯಾಡಮ್, ಪ್ಲೇಯರ್ ಟೂ ಪಾಹಿಜೆ! ಯಾ ನಾ!"

ರಟ್ಟಿನ ಚೌಕಾಕಾರದ ಪೈಲಟ್ ತಲೆಯನ್ನು ಮುಖವಾಡದಂತೆ ಹಾಕಿಕೊಂಡವನೊಬ್ಬ, ಆಟಕ್ಕೆ ಎರಡನೆಯವರು ಬೇಕು ಬನ್ನಿ ಎಂದು ಮರಾಠಿಯಲ್ಲಿ ಕರೆಯುತ್ತಾ ಎದುರು ನಿಂತು ಕೈ ಬೀಸುತ್ತಿದ್ದ. ಬೃಂದಾಳಿಗೆ ಕಣ್ಣು ತೆರೆಯಲೂ ಬೇಸರ. ಆಸ್ಪತ್ರೆಯ ಡ್ಯೂಟಿ ಮುಗಿಸಿ ಸೀದಾ ನಾಗಪುರ ಏರ್‌ಪೋರ್ಟಿಗೆ ಬಂದಿದ್ದಳು. ಬೆಂಗಳೂರಿನ ವಿಮಾನ ತಡ. ಕಾಯುವವರಿಗೆ ಬೇಜಾರಾಗದಿರಲಿ ಎಂದು ವಿಮಾನ ಕಂಪನಿ ಗೇಟಿನ ಮುಂದೆ ಹಳೇ ಕಾಲದ ವಿಡಿಯೋ ಗೇಮ್ ಇಟ್ಟಿತ್ತು. ಗೆದ್ದವರು ಮೊದಲು ವಿಮಾನ ಹತ್ತಬಹುದಂತೆ!

"ಅಯ್ಯೋ ದೇವ್ರೇ... ಸಾಕಾಗೇತಿ ನಂಗ," ಎಂದು ಗೊಣಗಿದಳು.

ಬೀಸುತ್ತಿದ್ದ ಕೈ ತಟ್ಟನೆ ನಿಂತಿತು.

"...ಬೃಂದಾ?"

ಆ ದನಿ!

ರಟ್ಟಿನ ತಲೆ ಕಳಚಿದಾಗ ಒಳಗೆ ಬೆವರಿನಲ್ಲಿ ತೊಯ್ದ ಸಮರ್ಥ್.

ಸಂಕ್ರಾಂತಿಯ ದಿನ ಅಪ್ಪನ ಹತ್ತಿರ ಮದುವೆ ಮಾತಾಡಲು ಬರುತ್ತೇನೆಂದು ಹೇಳಿ ಬಾರದೇ ಹೋದ ಸಮರ್ಥ್! ಆಮೇಲೆ ಫೋನೂ ಎತ್ತಲಿಲ್ಲ. ಇವನಿಗಾಗಿ ಕಾದು ಕಾದು ಸೋತೇ, ನಾಳೆ ಬೆಂಗಳೂರಿನ ಸೋದರತ್ತೆಯ ಮನೆಯಲ್ಲಿ ಬೇರೊಬ್ಬನಿಗೆ ‘ಹೂಂ’ ಅನ್ನಲು ಅವಳು ಹೊರಟಿದ್ದಳು.

"ಈ ಗೇಮ್ ನೀನ ಮಾಡಿದ್ದೇನು?" ಗೇಮ್ ಕಟ್ಟುವುದೇ ಅವನ ಕಸುಬೆಂದು ಅವಳಿಗೆ ಗೊತ್ತಿತ್ತು.

"ಹೂಂ. ತಲಿ ಹಾಕ್ಕೊಳ್ಳಾಂವ ಇವತ್ತು ರಜಾ. ಅದಕ್ಕ ಅದೂ ನನ್ನ ಪಾಲಿಗೇ ಬಂತು."

ನಗು ಬರಬೇಕಿತ್ತು... ದಣಿವು ಬಿಡಲಿಲ್ಲ.

"ಅರೇ, ಖೇಳಾ ನಾ ಲೌಕರ್!" ಬೇಗ ಆಡಿ ಎಂದು ಹಿಂದಿನಿಂದ ಒಬ್ಬ ಅಜ್ಜಿ ಗದರಿದರು.

ಬೇರೆ ದಾರಿ ಕಾಣದೆ ಇಬ್ಬರೂ ಆಡಿದರು. ತೆರೆಯ ಮೇಲೆ ಎರಡು ಪುಟ್ಟ ವಿಮಾನ. ಬೃಂದಾ ಬಟನ್ ಒತ್ತುವುದು ಪ್ರತಿ ಸಲವೂ ತಡವಾಗುತ್ತಿತ್ತು. ಅವಳ ವಿಮಾನ ಬಿತ್ತು, ಮತ್ತೆ ಬಿತ್ತು, ಲೈಫ್ ಎಲ್ಲ ಮುಗಿಯಿತು.

ಹೋಗಲಿ ಬಿಡು, ಎಲ್ಲದರಲ್ಲೂ ಹಿಂಗೇ... ಅಂದುಕೊಳ್ಳುವಷ್ಟರಲ್ಲಿ ಅವಳ ವಿಮಾನ ಮತ್ತೆ ಮಿನುಗಿತು. ಸಮರ್ಥನ ವಿಮಾನ ಮಾಯ!

"ನಿನ್ನ ಕೊನೀ ಲೈಫ್ ನನಗ್ಯಾಕ ಕೊಟ್ಟಿ?"

"ಮನೀಶ್ ನಗರದಾಗ ನಿಮ್ಮನಿ ಟಿವಿ ಮುಂದ ಆಡುವಾಗ ನನ್ನ ಲೈಫ್ ನೀನ ಕಸ್ಕೊಂತಿದ್ದಿ. ಲೈಫ್ ದಾಟಿಸೋ ಬಟನ್ ಇಲ್ಲಿ ಬೇಕಂತನ ಇಟ್ಟೀನಿ."

"ಅವತ್ತು ಮನೀಗೆ ಬರ್ಲಿಲ್ಲ, ಈಗ ಲೈಫ್ ಕೊಡ್ತಾನಂತ!"

"ಬಂದಿದ್ದೆ!" ಅವನು ಅವಳ ಕಡೆ ತಿರುಗಿದ. "ಬಾಗಲಾಗ ಚಪ್ಪಲಿ ರಾಶಿ. ಒಳಗ ಯಾರೋ ‘ಹುಡುಗಿ ಎಲ್ಲಿ, ಕರೀರಿ’ ಅಂದ್ರು. ನಿನ್ನ ನೋಡಾಕ ಬಂದಾರ ಅಂತ... ಹೊಳ್ಳಿ ಹೋದೆ."

ಬೃಂದಾ ಅವನನ್ನೇ ದಿಟ್ಟಿಸಿದಳು.

"ಹುಚ್ಚಪ್ಪಾ! ಅದು ಹಳದಿ-ಕುಂಕು! ಅಮ್ಮ ಅರಿಷಿಣ-ಕುಂಕುಮಕ್ಕ ಓಣಿ ಹೆಂಗಸರನ್ನ ಕರೆದಿದ್ಲು. ಎಳ್ಳುಂಡಿ ಹಂಚಾಕ ನನ್ನ ಕರ್ಯಾಕತ್ತಿದ್ರು. ಅದ್ರಾಗ ಒಂದರ ಗಂಡಸರ ಚಪ್ಪಲಿ ಇತ್ತೇನೋ? ಅಪ್ಪ ಒಳಗಿನ ಖೋಲಿಯಾಗ ನಿನ್ನ ಕಾಯ್ಕೊಂತ ಕೂತಿದ್ರು! ಫೋನ್ ಎತ್ತಿದ್ರ ನಾನ ಹೇಳ್ತಿದ್ದೆನಲ್ಲ..."

"ಲಗ್ನದ ಸುದ್ದಿ ಹೇಳ್ತಿ ಅಂತ ಹೆದರಿದ್ದೆ."

ಅವಳ ಕಣ್ಣು ತುಂಬಿತು. ಆಡುವವರಿಲ್ಲದೆ ಅವಳ ವಿಮಾನವೂ ಬಿದ್ದುಹೋಗಿತ್ತು, ಇಬ್ಬರೂ ನೋಡಲಿಲ್ಲ.

ವಿಮಾನ ಹತ್ತಲು ಕರೆ ಬಂತು. ಬೃಂದಾ ಆಗಲೇ ಬೆಂಗಳೂರಿಗೆ ಹೋಗಿದ್ದ ಅಪ್ಪನಿಗೆ ಫೋನ್ ಹಚ್ಚಿದಳು.

"ಅಪ್ಪಾ, ನಾಳೆ ಅವರಿಗೆ ಬರಬ್ಯಾಡ್ರಿ ಅಂತ ಹೇಳ್ರಿ... ಹೂಂ, ಸಮರ್ಥ್ ಸಿಕ್ಕಾನ. ಹೆಂಗಸರ ಚಪ್ಪಲಿ ಗುರ್ತು ಹಿಡ್ಯಾಕ ಬರದಾಂವ!"

ಸಮರ್ಥ್ ಅವಳ ಬ್ಯಾಗ್ ಎತ್ತಿಕೊಟ್ಟ. "ವಿಮಾನದಾಗ ಛಂದಂಗ ನಿದ್ದಿ ಮಾಡು. ನಾಳೆ ನಾ ಅಲ್ಲಿಗೇ ಬರ್ತೀನಿ, ನಿಮ್ಮಪ್ಪನ ಹತ್ರ ಮಾತಾಡಾಕ."

"ಅತ್ತಿ ಮನಿ ಬಾಗಲಾಗೂ ಚಪ್ಪಲಿ ರಾಶಿ ಇದ್ರ?"

"ನನ್ನವೂ ಅದ್ರಾಗ ಬಿಟ್ಟು ಒಳಗ ಬರ್ತೀನಿ."