ಮೂರು ಗುಂಡುಗಳು

ನಡುರಾತ್ರಿ ಕಪಾಟಿನೊಳಗಿದ್ದ ಉಸಿರಾಟದ ಉಪಕರಣ ‘ಟಕ್’ ಎಂದಿತು. ಉಸಿರೆಳೆದರೆ ಮೇಲೇರುವ ಮೂರು ಗುಂಡುಗಳ ಆ ಪ್ಲಾಸ್ಟಿಕ್ ಉಪಕರಣವನ್ನು ಶ್ವಾಸಕೋಶದ ವ್ಯಾಯಾಮಕ್ಕೆಂದು ನನ್ನ ಗಂಡನಿಗೆ ಆಸ್ಪತ್ರೆಯವರು ಕೊಟ್ಟಿದ್ದರು. ಸಿಗರೇಟು ತಿಂದುಹಾಕಿದ್ದ ಅವರ ಶ್ವಾಸಕೋಶಕ್ಕೆ ಒಂದು ಗುಂಡನ್ನೂ ಎತ್ತಲಾಗುತ್ತಿರಲಿಲ್ಲ. “ಬಿಟ್ಬಿಟ್ಟೆ ಕಣೇ, ನಿನ್ನಾಣೆ” ಎನ್ನುತ್ತಲೇ ಬಚ್ಚಲಲ್ಲಿ ನಲ್ಲಿ ತಿರುಗಿಸಿಕೊಂಡು ಸೇದುತ್ತಿದ್ದರು. ಸತ್ತು ಹನ್ನೊಂದು ತಿಂಗಳಾಗಿತ್ತು.

ದೀಪ ಹಾಕಿ ಕಪಾಟು ತೆರೆದೆ. ಯಾರೋ ಉಸಿರೆಳೆಯುತ್ತಲೇ ಇದ್ದಂತೆ ಮೂರೂ ಗುಂಡುಗಳು ಮೇಲ್ತುದಿಯಲ್ಲಿ ನಿಂತಿದ್ದವು. ಮುಟ್ಟಿದೊಡನೆ ಬಿದ್ದವು. ಕೊಳವೆಯ ಬಾಯಿ ಒದ್ದೆಯಾಗಿ ಬೆಚ್ಚಗಿತ್ತು. ಏನನ್ನಿಸಿತೋ, ನಾನೇ ಬಾಯಿಟ್ಟು ಎಳೆದೆ. ಒಂದು ಗುಂಡೂ ಅಲುಗಲಿಲ್ಲ. ಕೆಮ್ಮು ಒತ್ತರಿಸಿ ಬಂತು.

ಮಗಳು ಎದ್ದು ಬಂದಳು. “ಥೂ, ಬಾಯೆಲ್ಲ ಸಿಗರೇಟು ವಾಸನೆ! ಅದು ಅಪ್ಪನ್ನ ನುಂಗಿದ್ದು ಸಾಲದಾ, ನೀನೂ ಶುರು ಮಾಡಿದ್ಯಾ ಅಮ್ಮಾ?”

“ಇಲ್ಲ ಕಣೇ.”

“ಅಪ್ಪನೂ ಹೀಗೇ ಅಂತಿದ್ರು.”

ಜನ್ಮದಲ್ಲಿ ಸಿಗರೇಟು ಮುಟ್ಟಿದವಳಲ್ಲ ನಾನು. ಹೆತ್ತ ಮಗಳೇ ನಂಬದ್ದನ್ನು ಇನ್ನು ಯಾರಿಗೂ ಹೇಳಬಾರದೆಂದು ಅಲ್ಲೇ ತೀರ್ಮಾನಿಸಿದೆ.