ಉಮ್ಮ ತಿನ್ನದ ಖರ್ಜೂರ

"ಇಡೀ ಗ್ಲಾಸ್ ಉಮ್ಮ ಕುಡಿಯಬೇಕಾ?" ಖದೀಜತ್ ಕಣ್ಣರಳಿಸಿ ಕೇಳಿದಳು.

"ಹೌದು ಮಾರಾಯ್ತಿ, ಒಂದು ಹನಿಯೂ ಬಿಡ್ಲಿಕ್ಕಿಲ್ಲ," ಎಂದು ನರ್ಸ್ ನಜ್ಮುನ್ನಿಸಾ ನಕ್ಕರು. ಅವರು ಭಟ್ಕಳದವರು. ಸೌದಿಯ ಖತೀಫ್‌ನ ಈ ಆಸ್ಪತ್ರೆಯಲ್ಲಿ ಕನ್ನಡ ಮಾತಾಡುವವರು ಅವರೊಬ್ಬರೇ.

ಗ್ಲೂಕೋಸ್ ನೀರು ಕುಡಿದು ಖದೀಜತ್‌ಳ ತಾಯಿ, ಅವಳ ಉಮ್ಮ, ಮುಖ ಕಿವುಚಿದಳು. ಅವಳ ಹೊಟ್ಟೆಯಲ್ಲಿ ಪುಟ್ಟ ಮಗುವಿತ್ತು. ಎಷ್ಟು ಪುಟ್ಟದೆಂದರೆ, ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ.

"ಇನ್ನು ಎರಡು ಗಂಟೆ ಎಂತದೂ ತಿನ್ಬಾರ್ದು, ಸುಮ್ಮನೆ ಕೂತ್ಕೊಳ್ಬೇಕು. ನಡುವೆ ರಕ್ತ ತೆಗೀತೇನೆ. ವಾಂತಿ ಆದ್ರೆ ಮಾತ್ರ ಇನ್ನೊಂದು ದಿನ ಬಂದು ಮೊದಲಿನಿಂದ ಮಾಡ್ಬೇಕು," ಎಂದು ಹೇಳಿ ನರ್ಸ್ ಹೋದರು.

ಎರಡು ಗಂಟೆ! ಖದೀಜತ್ ಮುಖ ಊದಿಸಿಕೊಂಡಳು. ಗೆಳತಿ ಫರಾಳ ಮನೆಯಲ್ಲಿ ಬರ್ತ್‌ಡೇ ಪಾರ್ಟಿ ಈಗ ಶುರುವಾಗಿರುತ್ತದೆ. ಅಪ್ಪನಿಗೆ, ಅವಳ ಉಪ್ಪನಿಗೆ, ಇವತ್ತು ಡ್ಯೂಟಿ. ಹಾಗಾಗಿ ಉಮ್ಮನ ಜೊತೆ ಅವಳೇ ಬರಬೇಕಾಯಿತು.

ಸ್ವಲ್ಪ ಹೊತ್ತಿನಲ್ಲಿ ಉಮ್ಮನ ಮುಖ ಬಿಳಿಚಿಕೊಂಡಿತು. ಹಣೆಯಲ್ಲಿ ಬೆವರು ಮೂಡಿತು.

"ಉಮ್ಮಾ, ಎಂತ ಆಯ್ತು?"

"ಎಂತ ಇಲ್ಲ. ಸ್ವಲ್ಪ ತಲೆ ಸುತ್ತುತ್ತದೆ. ನಿನ್ನೆ ರಾತ್ರಿಯಿಂದ ಖಾಲಿ ಹೊಟ್ಟೆ ಅಲ್ವಾ?"

ಎದುರಿಗೆ ಕೂತಿದ್ದ ಸೌದಿ ಅಜ್ಜಿಯೊಬ್ಬರು ಅದನ್ನು ನೋಡಿದರು. ಕೂಡಲೇ ಚೀಲದಿಂದ ಡಬ್ಬಿ ತೆಗೆದು ಮುಂದೆ ಚಾಚಿದರು. ಒಳಗೆ ಮೆತ್ತನೆಯ ಖರ್ಜೂರ.

"ಶುಕ್ರನ್," ಎಂದು ಅರಬಿಯಲ್ಲಿ ಥ್ಯಾಂಕ್ಸ್ ಹೇಳಿ ಖದೀಜತ್ ಒಂದನ್ನು ತೆಗೆದುಕೊಂಡು ಉಮ್ಮನ ಬಾಯಿಯ ಹತ್ತಿರ ಹಿಡಿದಳು. "ಒಂದೇ ಒಂದು ತಿನ್ನು. ನರ್ಸ್ ಆಂಟಿಗೆ ಗೊತ್ತಾಗೂದಿಲ್ಲ."

ಉಮ್ಮ ತುಟಿ ಬಿಗಿಹಿಡಿದು ತಲೆಯಾಡಿಸಿದಳು.

"ಯಾಕುಮ್ಮಾ? ಬರೀ ಟೆಸ್ಟ್ ತಾನೇ?"

ಉಮ್ಮ ಅವಳ ಕೈಯನ್ನು ಮೆಲ್ಲನೆ ಕೆಳಗಿಳಿಸಿದಳು. "ನಿನ್ನ ತಮ್ಮ ಹಸನ್ ಹೊಟ್ಟೆಯಲ್ಲಿದ್ದಾಗ ನಂಗೆ ಸಕ್ಕರೆ ಕಾಯಿಲೆ ಇತ್ತು ಮಗಳೇ. ಯಾರಿಗೂ ಗೊತ್ತೇ ಆಗ್ಲಿಲ್ಲ. ಗೊತ್ತಾದದ್ದು ಏಳನೇ ತಿಂಗಳಲ್ಲಿ. ಆಗ ತುಂಬ ತಡ ಆಗಿತ್ತು. ಈಗ ಇದನ್ನು ತಿಂದ್ರೆ ಸಕ್ಕರೆ ಟೆಸ್ಟ್ ತಪ್ಪು ತೋರಿಸ್ತದೆ."

ಹಸನ್ ಹುಟ್ಟಿದ ಮರುದಿನವೇ ಅಲ್ಲಾಹನ ಹತ್ತಿರ ಹೋದ ಎಂದಷ್ಟೇ ಖದೀಜತ್‌ಗೆ ಗೊತ್ತಿತ್ತು. ಯಾಕೆ ಎಂದು ಅವಳು ಯಾವತ್ತೂ ಕೇಳಿರಲಿಲ್ಲ. ಈಗ ಅವಳು ಖರ್ಜೂರವನ್ನು ಅಜ್ಜಿಯ ಡಬ್ಬಿಯಲ್ಲೇ ಮರಳಿ ಇಟ್ಟಳು.

ಅಷ್ಟರಲ್ಲಿ ಉಮ್ಮ ಬಾಯಿಗೆ ಕೈ ಅಡ್ಡ ಹಿಡಿದಳು.

"ನರ್ಸ್ ಆಂಟೀ!" ಖದೀಜತ್ ಒಂದೇ ಉಸಿರಿಗೆ ಓಡಿದಳು. "ಉಮ್ಮನಿಗೆ ವಾಂತಿ ಬರ್ತಾ ಉಂಟು!"

ನಜ್ಮುನ್ನಿಸಾ ಬಂದು ಉಮ್ಮನನ್ನು ಒಳಗಿನ ಮಂಚದ ಮೇಲೆ ಎಡಮಗ್ಗುಲಾಗಿ ಮಲಗಿಸಿದರು. ಎಸಿಯ ಗಾಳಿಯನ್ನು ಆ ಕಡೆಗೆ ತಿರುಗಿಸಿದರು. "ಬಾಯಿಯಿಂದ ಮೆಲ್ಲ ಉಸಿರು ಬಿಡಿ. ನಾನಿದ್ದೇನೆ."

ಖದೀಜತ್ ಉಮ್ಮನ ಬೆನ್ನು ಸವರುತ್ತ ಕೂತಳು. ಶಾಲೆಯಲ್ಲಿ ಟೀಚರ್ ಕುರ್ಚಿಯಿಂದ ಜಾರಿದ ಕತೆ ಹೇಳಿದಳು. ಉಮ್ಮ ಕಣ್ಣು ಮುಚ್ಚಿಕೊಂಡೇ ನಕ್ಕಳು. ವಾಂತಿ ಆಗಲಿಲ್ಲ. ಕೊನೆಯ ಸಲ ರಕ್ತ ತೆಗೆಯುವಾಗ ನಜ್ಮುನ್ನಿಸಾ, "ಶಾಬಾಶ್, ಇಬ್ಬರೂ ಪಾಸ್!" ಎಂದರು.

ರಿಪೋರ್ಟ್ ನೋಡಿದ ಡಾಕ್ಟರ್ ಇಂಗ್ಲಿಷಿನಲ್ಲಿ ಮಾತಾಡಿದರು. ನಜ್ಮುನ್ನಿಸಾ ಅದನ್ನು ಕನ್ನಡದಲ್ಲಿ ಹೇಳಿದರು. "ಸಕ್ಕರೆ ಉಂಟು. ಆದ್ರೆ ಬೇಗ ಗೊತ್ತಾಯ್ತು. ಊಟ ನೋಡಿ ಮಾಡ್ಬೇಕು, ಮನೆಯಲ್ಲೇ ದಿನಾ ಚೆಕ್ ಮಾಡ್ಬೇಕು. ಬೇಕಾದ್ರೆ ಇನ್ಸುಲಿನ್ ಕೊಡ್ತಾರಂತೆ. ನಾವು ಪ್ರತಿ ಸಲ ನೋಡ್ತೇವೆ."

"ಅಲ್‌ಹಮ್ದುಲಿಲ್ಲಾಹ್," ಎಂದಳು ಉಮ್ಮ. ಅವಳ ಕಣ್ಣು ತುಂಬಿತ್ತು. ಎರಡೂ ಕೈಗಳಿಂದ ನರ್ಸ್‌ನ ಕೈ ಹಿಡಿದುಕೊಂಡಳು.

ಖದೀಜತ್‌ಗೆ ವಿಚಿತ್ರವೆನಿಸಿತು. ಕಾಯಿಲೆ ಇದೆ ಎಂದರೆ ಯಾರಾದರೂ ಹೀಗೆ ಅಲ್ಲಾಹನಿಗೆ ಸ್ತುತಿ ಹೇಳುತ್ತಾರಾ? ಅವಳು ಉಮ್ಮನ ಮುಖವನ್ನೇ ನೋಡಿದಳು. ಬೆಳಿಗ್ಗೆಯಿಂದ ಅಲ್ಲಿದ್ದ ಹೆದರಿಕೆ ಈಗ ಇರಲಿಲ್ಲ.

ಹೊರಗೆ ಬಂದು ಉಮ್ಮ ಬುತ್ತಿ ಬಿಚ್ಚಿದಳು. ಪಕ್ಕದ ಕುರ್ಚಿಯಲ್ಲಿ ಹೊಸಬಳೊಬ್ಬಳು ಗ್ಲೂಕೋಸ್ ಗ್ಲಾಸನ್ನು ಹಿಡಿದು ಅಳುಮುಖ ಮಾಡಿಕೊಂಡಿದ್ದಳು. ಅವಳ ಜೊತೆ ಯಾರೂ ಇರಲಿಲ್ಲ.

ಖದೀಜತ್ ಎದ್ದು ಅವಳ ಪಕ್ಕಕ್ಕೆ ಹೋಗಿ ಕೂತಳು. ಶಾಲೆಯಲ್ಲಿ ಕಲಿತ ಹಿಂದಿಯಲ್ಲಿ, "ಕುಡೀರಿ ಆಂಟಿ," ಎಂದಳು. "ನಾನು ಇಲ್ಲೇ ಕೂತಿರ್ತೇನೆ."