ಬಾಯಿಗಿಟ್ಟ ಬ್ರಷ್ಷು

"ಬ್ರಷ್ಷನ್ನ ಬಾಯಿಗಿಡಬೇಡ. ಇಲ್ಲಿ ಇದೊಂದೇ ನಿಯಮ," ಅಂದ ಎರಕದಜ್ಜ, ಮೊದಲ ದಿನವೇ.

ಹೊಸಬನಿಗೆ ನಗು ಬಂತು. ಇಪ್ಪತ್ತು ವರ್ಷ ಅಂಗಡಿಗಳ ಬೋರ್ಡು ಬರೆದವನು. ಅದಕ್ಕೇ ಆ ಲೋಹದ ಗೊಂಬೆಗಳ ಕಾರ್ಖಾನೆಯಲ್ಲಿ ಅವನಿಗೆ ಬೋರ್ಡಣ್ಣ ಅಂತಲೇ ಹೆಸರಾಯಿತು. ಬ್ರಷ್ಷಿನ ಕೂದಲು ಚದುರಿದರೆ ತುಟಿಗಿಟ್ಟು, ನಾಲಿಗೆಯ ಮೇಲೊಮ್ಮೆ ಹೊರಳಿಸಿ ಮೊನೆ ಮಾಡಿಕೊಳ್ಳುವುದು ಅವನಿಗೆ ಉಸಿರಾಡಿದಷ್ಟು ಸಲೀಸು.

"ಸೀಸ ಹೊಟ್ಟೆಗೆ ಹೋಗುತ್ತೆ ಅಂತಲಾ ಅಜ್ಜ?"

"ಅದಾಗಿದ್ರೆ ಡಾಕ್ಟ್ರು ನೋಡ್ಕೋತಿದ್ರು." ಅಜ್ಜ ಲೋಹ ಕರಗಿಸುವ ಪಾತ್ರೆಯ ಮೇಲಿನ ಕೊಳೆ ತೆಗೆಯುತ್ತಾ ದನಿ ತಗ್ಗಿಸಿದ. "ಹಿಂದೆ ಇಲ್ಲೊಬ್ಬ ಪೇಂಟರಿದ್ದ. ಮಗು ಜ್ವರದಲ್ಲಿ ಬೇಯ್ತಿದ್ರೂ ಮನೆಗೆ ಹೋಗದೆ ಗೊಂಬೆ ತಿದ್ದುತ್ತಾ ಕೂತಿದ್ದ. ಮಗು ಹೋಯ್ತು. ಹೆಂಡತಿ ಬಂದು ಆ ಮಗುವಿನ ಚಮಚಾನ ಇದೇ ಪಾತ್ರೆಗೆ ಹಾಕಿ ಮಾಟ ಮಾಡಿದಳು. 'ಬ್ರಷ್ಷು ನಾಲಿಗೆಗಿಟ್ಟು ಗೊಂಬೆಗೆ ಏನೇನು ಕೊಡ್ತೀಯೋ, ಅದೆಲ್ಲ ನಿನ್ನೊಳಗಿಂದ ಹೋಗಲಿ' ಅಂದಳು. ಸೈನಿಕ, ಕುದುರೆ ಆದ್ರೆ ಏನೂ ಆಗಲ್ಲ. ಗೊತ್ತಿರೋ ಮುಖ ತಿದ್ದಿ ಕಣ್ಣನ್ನೂ ಇಟ್ರೆ ಕತೆ ಪೂರ್ತಿ ಮುಗೀತು."

"ಆ ಲೋಹ ಯಾವತ್ತೋ ಖಾಲಿಯಾಗಿರಬೇಕಲ್ಲ?"

"ಎಲ್ಲಿ ಆಗುತ್ತೆ? ಮಿಕ್ಕಿದ ತುಂಡೆಲ್ಲ ವಾಪಸು ಇದಕ್ಕೇ ಬೀಳುತ್ತೆ. ಈ ಪಾತ್ರೆ ಒಂದು ದಿನಾನೂ ಬರಿದಾಗಿಲ್ಲ."

"ಕತೆ ಚೆನ್ನಾಗಿದೆ. ಬೋರ್ಡು ಹಾಕ್ಸಿ, ನಾನೇ ಬರ್ಕೊಡ್ತೀನಿ," ಅಂದ ಬೋರ್ಡಣ್ಣ. ಪಕ್ಕದ ಮೇಜಿನಲ್ಲಿ ಅರ ಹಿಡಿದು ಗೊಂಬೆಗಳ ಅಂಚು ಉಜ್ಜುತ್ತಿದ್ದ ಅವನ ಹೆಂಡತಿ ಮಾತ್ರ ನಗಲಿಲ್ಲ. ಗಂಡ ಹೆಂಡಿರಿಬ್ಬರೂ ಅಲ್ಲಿಗೆ ಸೇರಿದ್ದು ಮನೆಯಲ್ಲಿ ಕೂರಲಾಗದೆ. ಅವರ ಗುಬ್ಬಿ, ಆರು ವರ್ಷದ ಒಬ್ಬಳೇ ಮಗಳು, ತೀರಿಕೊಂಡು ಎಂಟು ತಿಂಗಳಾಗಿತ್ತು. ಇದ್ದ ಒಂದೇ ಒಳ್ಳೆಯ ಫೋಟೋದಲ್ಲಿ ಆ ಮಗು ಕಣ್ಣು ಮುಚ್ಚಿಬಿಟ್ಟಿತ್ತು.

ಮಗಳ ಮುಖ ಎಲ್ಲಿ ಮರೆತುಹೋಗುತ್ತದೋ ಅನ್ನುವುದೊಂದೇ ಅವರಿಬ್ಬರ ಹೆದರಿಕೆ. ಅದಕ್ಕೇ, ಹೆಬ್ಬೆರಳುದ್ದದ ಒಂದು ಹುಡುಗಿಯ ಗೊಂಬೆ ಅಚ್ಚಿನಿಂದ ಬಂದಾಗ, ಹೆಂಡತಿಯೇ ಅದನ್ನು ಎತ್ತಿಟ್ಟುಕೊಂಡಳು. ಅಂಚಿನ ಗೆರೆಯನ್ನು ನೋವಾದೀತೆಂಬಂತೆ ಮೆಲ್ಲಗೆ ಉಜ್ಜಿದಳು. ಸೋಪಿನ ನೀರಲ್ಲಿ ತೊಳೆದಳು. ಬೂದುಬಣ್ಣದ ತಳಲೇಪ ಕೊಟ್ಟು, ಒಣಗಿದ ಮೇಲೆ, ಹಿಡಿದು ಬಳಿಯಲು ಬಾಟಲಿಯ ಬಿರಡೆಗೆ ಸಿಕ್ಕಿಸಿ ಗಂಡನ ಮುಂದಿಟ್ಟಳು.

"ಗುಬ್ಬೀನ ಮಾಡ್ಕೊಡಿ. ಆದ್ರೆ ಬ್ರಷ್ಷನ್ನ ಸ್ಪಂಜಲ್ಲೇ ಒತ್ತಿ ಮೊನೆ ಮಾಡ್ಕೊಳ್ಳಿ. ಬಾಯಿಗಿಡಬೇಡಿ."

"ಆಯ್ತು ಮಾರಾಯ್ತಿ," ಅಂದ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ; ಇಪ್ಪತ್ತು ವರ್ಷದ ಅಭ್ಯಾಸ ಒಂದು ಮಾತಿಗೆ ಹೋಗುತ್ತದೆಯೇ?

ಊಟದ ಬಿಡುವು. ಧೂಳು ಕೂರಬಾರದೆಂದು ಕಿಟಕಿಗಳಿಗೆಲ್ಲ ದಪ್ಪ ಪರದೆ; ಹಗಲಾದರೂ ಒಳಗೆ ಕತ್ತಲೆ, ಮೇಜಿಗೊಂದು ದೀಪ. ಥಿನ್ನರಿನ ಘಾಟು, ಕಾದ ಲೋಹದ ವಾಸನೆ. ಬೋರ್ಡಣ್ಣ ಹಳದಿ ಫ್ರಾಕು ಮುಗಿಸಿದ.

"ಆ ಫ್ರಾಕು ತಂದ ದಿನ ಬಿಚ್ಚೋಕೇ ಕೊಡ್ಲಿಲ್ಲ, ಹಾಕ್ಕೊಂಡೇ ಮಲಗಿದ್ಲು," ಅಂದಳು ಹೆಂಡತಿ.

"ಯಾವ ಫ್ರಾಕು?"

ತಮಾಷೆ ಅಂದುಕೊಂಡಳು. ಅವನ ಕೆಳತುಟಿಯ ಮೇಲೆ ಹಳದಿ ಬಣ್ಣ ಕಂಡಾಗ ಅವನತ್ತ ಬಾಗಿದಳು.

"ಬಾಯಿಗಿಟ್ರಾ?"

ಅವನು ಆಗಲೇ ಜಡೆ ತಿದ್ದುತ್ತಿದ್ದ. ದಿನಾ ಬೆಳಿಗ್ಗೆ ಮಗಳಿಗೆ ಎರಡು ಜಡೆ ಹಾಕುತ್ತಿದ್ದವನು ಅವನೇ. ತುಟಿಗೊಮ್ಮೆ, ಜಡೆಗೊಮ್ಮೆ, ಕೈ ತನ್ನ ಪಾಡಿಗೆ ಹೋಗಿ ಬರುತ್ತಿತ್ತು. ಆ ಜಡೆ ಒಣಗುವ ಮುಂಚೆ ಘಾಟೆಲ್ಲ ಅಡಗಿ ಮೇಜಿನ ಸುತ್ತ ಗುಬ್ಬಿಯ ತಲೆಯೆಣ್ಣೆಯ ವಾಸನೆ ಬಂತು. ಅವನು ಕೈ ನಿಲ್ಲಿಸಿ ಬೆರಳುಗಳನ್ನೇ ನೋಡಿಕೊಂಡ.

"ಲೇ, ಜಡೆಗೆ ಎಷ್ಟು ಎಳೆ?"

"ಮೂರು," ಅಂದಳು, ಅಳುತ್ತಾ.

ಆಗ ಅವನಿಗೂ ಅರ್ಥವಾಯಿತು. ಬ್ರಷ್ಷು ಕೆಳಗಿಟ್ಟ. ಮಗಳ ನಗು ನೆನೆದುಕೊಂಡ; ಇತ್ತು. ಅವಳ ಹೆಜ್ಜೆಯ ಸದ್ದು ನೆನೆದ, ಇತ್ತು. ಕಣ್ಣು ಇನ್ನೂ ಅವನೊಳಗೇ ಇತ್ತು, ಅವನ ಅಮ್ಮನದೇ ಜೇನುಬಣ್ಣ. ಇಷ್ಟಕ್ಕೇ ಎದ್ದು ಹೋಗಿದ್ದರೆ ಅಷ್ಟಾದರೂ ಉಳಿಯುತ್ತಿತ್ತು. ಕತೆ ಹೇಳುತ್ತಿರುವ ನನಗೆ ಈಗಲೂ ಹೊಟ್ಟೆ ಉರಿಯುವುದು ಅಲ್ಲೇ.

"ನಡೀರಿ, ಸಾಕು," ಅಂತ ಹೆಂಡತಿ ಅವನ ಮಣಿಕಟ್ಟು ಹಿಡಿದಳು.

ಬಿರಡೆಯ ಮೇಲಿಂದ ಸಣ್ಣ ದನಿ ಬಂತು. ಇಬ್ಬರಿಗೂ ಕೇಳಿಸಿತು.

"ಅಪ್ಪಾ, ಕತ್ಲೆ."

ಗೊಂಬೆಗೆ ಇನ್ನೂ ಕಣ್ಣಿರಲಿಲ್ಲ.

"ಅಪ್ಪಾ, ಏನೂ ಕಾಣಲ್ಲ."

ಕತ್ತಲೆಗೆ ಹೆದರುತ್ತಿದ್ದ ಮಗು ಅದು. ಹೆಂಡತಿಯ ಹಿಡಿತ ಸಡಿಲವಾಯಿತು. ತಾನು ಬಿಟ್ಟೆನೋ, ಬೆರಳೇ ಸೋತವೋ, ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಅವನು ಬ್ರಷ್ಷು ಎತ್ತಿದ. ಜೇನುಬಣ್ಣ ಕಲಸಿದ. ಸ್ಪಂಜಿಗೆ ಒತ್ತಿದ. ಕೂದಲು ಚದುರಿತು. ಮತ್ತೆ ಒತ್ತಿದ. ಮತ್ತೆ ಚದುರಿತು. ಸಾಸಿವೆಗಿಂತ ಸಣ್ಣ ಕಣ್ಣು. ಮೊನೆ ಬೇಕು. "ಅಪ್ಪಾ." ದನಿ ನಡುಗುತ್ತಿತ್ತು. "ಅಪ್ಪಾ, ಎಲ್ಲಿದ್ದೀಯ?"

"ಇಲ್ಲೇ ಇದ್ದೀನಿ ಪುಟ್ಟಾ, ಬಂದೆ," ಅಂದ. ಹೆಂಡತಿಯ ಮುಖವನ್ನೊಮ್ಮೆ ನೋಡಿದ. ಬ್ರಷ್ಷನ್ನು ನಾಲಿಗೆಗಿಟ್ಟ. ಉಸಿರು ಹಿಡಿದ. ಒಂದು ಚುಕ್ಕಿ. ಮತ್ತೆ ನಾಲಿಗೆಗೆ. ಇನ್ನೊಂದು ಚುಕ್ಕಿ.

ಗುಬ್ಬಿ ಕಣ್ಣು ಬಿಟ್ಟಳು.

ಬೋರ್ಡಣ್ಣ ಹಿಂದಕ್ಕೊರಗಿದ. ಎಂಟು ತಿಂಗಳಿಂದ ಬಿಗಿದುಕೊಂಡಿದ್ದ ಮುಖ ಸಡಿಲಾಗಿತ್ತು. ದೀಪವನ್ನು ಹತ್ತಿರ ಎಳೆದು, ಕೆಲಸಗಾರನ ಹೆಮ್ಮೆಯಿಂದ ಗೊಂಬೆಯನ್ನು ತಿರುಗಿಸಿ ನೋಡಿದ.

"ಕಣ್ಣು ಚೆನ್ನಾಗಿ ಬಂದಿದೆ, ಅಲ್ವಾ? ಯಾರ ಮಗು ಇದು?"

ಹೆಂಡತಿ ಅಳುತ್ತಲೇ ಗೊಂಬೆಯತ್ತ ಕೈ ಚಾಚಿದಳು.

"ಯಾಕೆ ಅಳ್ತಿದ್ದೀಯ? ನಮಗೆ ಮಕ್ಕಳಿಲ್ಲ ಅಂತ ಮತ್ತೆ ಶುರು ಮಾಡ್ದೆಯಾ?" ಅವಳ ತಲೆ ಸವರಿ, ಕೈ ತೊಳೆಯಲು ಎದ್ದ.

"ಅಪ್ಪಾ," ಅಂತ ಬಿರಡೆಯ ಮೇಲಿಂದ ಗುಬ್ಬಿ ಕರೆದಳು. "ಅಪ್ಪಾ, ಈಗ ಕಾಣ್ತಿದ್ದೀಯ."

ನಲ್ಲಿಯ ಹತ್ತಿರ ನಿಂತವನಿಗೆ ಅದು ಕೇಳಿಸಿತು. ಯಾರದೋ ಮಗು ಯಾರನ್ನೋ ಕರೆಯುತ್ತಿದೆ ಅಂದುಕೊಂಡು, ತಿರುಗಿ ನೋಡದೆ ಬೆರಳಿನ ಬಣ್ಣ ಉಜ್ಜುತ್ತಲೇ ಇದ್ದ.

"ಅಪ್ಪಾ?"

ಹೆಂಡತಿ ಬಿರಡೆಯನ್ನು ಎರಡೂ ಕೈಯಲ್ಲಿ ಎತ್ತಿ ಎದೆಗೆ ಒತ್ತಿಕೊಂಡಳು.

"ಅಪ್ಪನಿಗೆ ಕೆಲಸ ಇದೆ ಕಂದಾ," ಅಂದಳು. "ನಾನಿದ್ದೀನಲ್ಲ, ನನ್ನ ಕರಿ."